ನೀಟ್ ಪಟ್ಟಿಯಾಚೆಯ ಓದು: ದಾವಣಗೆರೆ, ಚಿತ್ರದುರ್ಗದಲ್ಲಿ ಜೀವವೈದ್ಯ ವಿಜ್ಞಾನದ ಪದವಿಗೆ ಹೊರಟವರಿಗೆ

ದಾವಣಗೆರೆ 1965ರಲ್ಲೇ ವೈದ್ಯಕೀಯ ಕಾಲೇಜು ಕಂಡ ಊರು. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ಹುಡುಗ ಹುಡುಗಿಯರಿಗೆ ಇಲ್ಲಿ ನೆಂಟರಿಷ್ಟರು ಕೇಳುವುದು ಒಂದೇ ಪ್ರಶ್ನೆ: ನೀಟ್‌ನಲ್ಲಿ ಎಷ್ಟು ಬಂತು? ಸೀಟು ಸಿಗದಿದ್ದರೆ "ಸರಿ, ಯಾವುದಾದರೂ ಬಿ.ಎಸ್ಸಿ.ಗೆ ಸೇರಿಸಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮೂರು ವರ್ಷ ವ್ಯರ್ಥವಾಗುವುದು ಆ "ಯಾವುದಾದರೂ" ಎಂಬಲ್ಲಿಂದಲೇ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವವರು, ಗಾಯದ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಹೇಳುವವರು, ಲಸಿಕೆಯ ಪ್ರತಿ ಬ್ಯಾಚನ್ನೂ ಪರೀಕ್ಷಿಸಿ ಹೊರಬಿಡುವವರು ಬಹುಪಾಲು ಎಂಬಿಬಿಎಸ್ ಓದಿದವರಲ್ಲ. ಅವರು ಓದಿದ ಓದಿನ ಬಗ್ಗೆ ನಮ್ಮ ಊರುಗಳಲ್ಲಿ ಸರಿಯಾಗಿ ತಿಳಿಸಿ ಹೇಳುವವರು ಕಡಿಮೆ. ಅದಕ್ಕಾಗಿ ಈ ಬರಹ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಓದಿನಲ್ಲಿ ಪದವಿಯ ಹೆಸರಿಗಿಂತ ಪ್ರಯೋಗಾಲಯದಲ್ಲಿ ನಿಮ್ಮ ಕೈಗೆ ಸಿಗುವ ಕೆಲಸ ಹೆಚ್ಚು ಮುಖ್ಯ. ಕಾಲೇಜಿನ ಆಯ್ಕೆಯಿಂದ ರಜೆಯ ಬಳಕೆಯವರೆಗೆ ಮುಂದಿನ ಎಲ್ಲ ಸಲಹೆಗಳೂ ಈ ಲೆಕ್ಕದ ಮೇಲೆಯೇ ನಿಂತಿವೆ.

ಮೊದಲ ಹಂತ: ಯಾವ ದಾರಿ ಎಂದು ನಿರ್ಧರಿಸಿ

'ಬಯೋಮೆಡಿಕಲ್ ಸೈನ್ಸ್' ಎಂಬ ಹೆಸರಿನದೇ ಆನರ್ಸ್ ಪದವಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿದೆ. ಅಲ್ಲಿಗೆ ಹೋಗುವುದಾದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬರೆಯಬೇಕು. ಇಲ್ಲೇ ಇದ್ದು ಓದುವುದಾದರೆ ಎರಡು ದಾರಿಗಳಿವೆ. ಇವೆರಡೂ ಒಂದೇ ಎಂದು ತಿಳಿದು ಸೇರಿದವರು ಆಮೇಲೆ ಪರದಾಡುತ್ತಾರೆ.

ಒಂದು, ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಬಿ.ಎಸ್ಸಿ. ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಇವುಗಳಲ್ಲಿ ಕೆಲವು ಸೇರಿದ ಕಾಂಬಿನೇಷನ್ ಇದು. 2009ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಎರಡೂ ಜಿಲ್ಲೆಗಳು ಬರುತ್ತವೆ. ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದ್ದರೆ, ಚಿತ್ರದುರ್ಗದ ಸ್ನಾತಕೋತ್ತರ ಕೇಂದ್ರ ಗುಡ್ಡದ ರಂಗವ್ವನಹಳ್ಳಿಯ ಜ್ಞಾನಗಂಗೋತ್ರಿಯಲ್ಲಿದೆ. ಹೊಸ ಶಿಕ್ಷಣ ನೀತಿಯಡಿ 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಕೈಬಿಟ್ಟಿದ್ದು, 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಲೆಕ್ಕ ಹೇಳಿದರೆ ಅದು ಹಿಂದಿನ ಬ್ಯಾಚಿನ ಮಾತು. ಈ ಪದವಿ ಸಂಶೋಧನೆ, ಔಷಧ ಉದ್ಯಮ, ಬೋಧನೆಯ ಕಡೆಗೆ ಒಯ್ಯುತ್ತದೆ. ಆದರೆ ಬಿ.ಎಸ್ಸಿ. ಒಂದರಿಂದಲೇ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಎಂ.ಎಸ್ಸಿ. ಸೇರಿಸಿ ಐದು ವರ್ಷದ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬರುವ ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ, ಅಂದರೆ ಎಲ್ಲರೂ ಕರೆಯುವ ಎಂಎಲ್‌ಟಿ. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ ಎಲ್ಲವನ್ನೂ ಓದಿ, ಕೊನೆಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಂಟರ್ನ್‌ಷಿಪ್ ಮುಗಿಸಬೇಕು. ಓದು ಮುಗಿದ ಕೂಡಲೇ ಕೆಲಸ ಬೇಕಾದವರಿಗೆ ಇದೇ ಸೂಕ್ತ. ಮನೆಯಲ್ಲಿ ಹಣದ ಒತ್ತಡ ಇದ್ದರೆ ಇದನ್ನು ಆರಿಸಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ. ಈ ವೃತ್ತಿಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಕಾಯ್ದೆ ತಂದು ರಾಷ್ಟ್ರೀಯ ಆಯೋಗಕ್ಕೆ ದಾರಿ ಮಾಡಿದೆ. ಪಠ್ಯಕ್ರಮವೂ ಪ್ರವೇಶದ ನಿಯಮವೂ ಅದಕ್ಕೆ ತಕ್ಕಂತೆ ಬದಲಾಗುತ್ತಿರುವುದರಿಂದ ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ಓದಬೇಕು. ಕಳೆದ ವರ್ಷದ ಬ್ರೋಷರ್ ನಂಬಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಜೀವರಸಾಯನಶಾಸ್ತ್ರದ ಬಿ.ಎಸ್ಸಿ. ಮಾಡಿದರೆ ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಆ ನೇಮಕಾತಿಗಳು ಕೇಳುವುದು ಎಂಎಲ್‌ಟಿ ಡಿಪ್ಲೊಮಾ ಅಥವಾ ಪದವಿಯನ್ನು, ಜೊತೆಗೆ ನೋಂದಣಿಯನ್ನು. ಇನ್ನು ಬಯೋಮೆಡಿಕಲ್ ಎಂಜಿನಿಯರಿಂಗ್ ಬೇರೆಯೇ ಓದು. ಅದು ಇಸಿಜಿ, ಡಯಾಲಿಸಿಸ್ ಯಂತ್ರಗಳ ವಿನ್ಯಾಸ ಮತ್ತು ನಿರ್ವಹಣೆಗೆ ಸಂಬಂಧಿಸಿದ್ದು, ಅದಕ್ಕೆ ಪಿಯುಸಿಯ ಗಣಿತ ಬೇಕು. ಹೆಸರು ಹೋಲುತ್ತದೆ ಎಂದು ಅರ್ಜಿ ತುಂಬಬೇಡಿ.

ಎರಡನೇ ಹಂತ: ಕಾಲೇಜಿಗೆ ಹೋಗಿ ಲ್ಯಾಬ್ ನೋಡಿ

ಪ್ರವೇಶದ ದಿನಗಳಲ್ಲಿ ಕಾಲೇಜುಗಳು ಕಟ್ಟಡ ತೋರಿಸುತ್ತವೆ, ಸಭಾಂಗಣ ತೋರಿಸುತ್ತವೆ, ರ‍್ಯಾಂಕ್ ಪಡೆದವರ ಫಲಕ ತೋರಿಸುತ್ತವೆ. ನೀವು ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ತಂದೆ ತಾಯಿಗೆ ಹಿಂಜರಿಕೆಯಾದರೆ ನೀವೇ ಮುಂದಾಗಿ.

ಒಳಗೆ ಹೋದ ಮೇಲೆ ಉಪಕರಣಗಳ ಸಂಖ್ಯೆಗಿಂತ ಅವುಗಳ ಬಳಕೆ ಗಮನಿಸಿ. ಸೂಕ್ಷ್ಮದರ್ಶಕಗಳು ಬೀರುವಿನಲ್ಲಿ ಬೀಗದೊಳಗಿವೆಯೋ ಮೇಜಿನ ಮೇಲಿವೆಯೋ? ಎಣ್ಣೆ ಹಾಕಿ ನೋಡುವ ನೂರು ಪಟ್ಟಿನ ಮಸೂರ ಸ್ವಚ್ಛವಾಗಿದೆಯೇ? ಇನ್‌ಕ್ಯುಬೇಟರ್ ಬಿಸಿಯಾಗಿದೆಯೇ, ಅದರೊಳಗೆ ಪೆಟ್ರಿ ತಟ್ಟೆಗಳಿವೆಯೇ? ಸಿಂಕಿನಲ್ಲಿ ನೀರು ಬರುತ್ತದೆಯೇ? ಬೇಸಿಗೆಯಲ್ಲಿ ಈ ಕೊನೆಯ ಪ್ರಶ್ನೆ ತಮಾಷೆಯಲ್ಲ. ಅಲ್ಲಿರುವ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು "ಒಂದು ಪ್ರಯೋಗಕ್ಕೆ ಎಷ್ಟು ಜನರ ಗುಂಪು?" ಎಂದು ಕೇಳಿ. ಇಬ್ಬರು ಮೂವರು ಎಂದರೆ ಒಳ್ಳೆಯದು. ಎಂಟು ಜನ ಸುತ್ತ ನಿಂತು ಒಬ್ಬರು ಮಾಡುವ ಪ್ರಯೋಗ ಉಳಿದ ಏಳು ಜನರಿಗೆ ನಾಟಕವಷ್ಟೇ. ವಿಷಯದ ಅಧ್ಯಾಪಕರು ಕಾಯಮ್ಮೋ ಅತಿಥಿ ಉಪನ್ಯಾಸಕರೋ ಎಂದೂ ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಪ್ರತಿ ವರ್ಷ ಅವರ ಮರುನೇಮಕ ತಡವಾದಾಗ ಸೆಮಿಸ್ಟರ್‌ನ ಮೊದಲ ವಾರಗಳು ಖಾಲಿ ಹೋಗುತ್ತವೆ. ಆ ದಿನಗಳನ್ನು ನೀವೇ ತುಂಬಿಕೊಳ್ಳಬೇಕಾಗುತ್ತದೆ ಎಂಬುದು ಮೊದಲೇ ಗೊತ್ತಿರಲಿ.

ಚಿತ್ರದುರ್ಗದ ವಿದ್ಯಾರ್ಥಿಗಳು ದಾವಣಗೆರೆಗೇ ಬರಬೇಕೆಂದಿಲ್ಲ. ಅಲ್ಲಿನ ಸರ್ಕಾರಿ ವಿಜ್ಞಾನ ಕಾಲೇಜಿನ ಶುಲ್ಕ ಕಡಿಮೆ. ದಾವಣಗೆರೆಯಲ್ಲಿ ಬಾಡಿಗೆ, ಊಟ ಎಂದು ತೆರುವ ಹಣವನ್ನು ಎಂ.ಎಸ್ಸಿ.ಗೆ ಎತ್ತಿಟ್ಟರೆ ಅದೇ ಲಾಭ. ನಿಮಗೆ ಬೇಕಾದ ಕಾಂಬಿನೇಷನ್ ಅಲ್ಲಿ ಇಲ್ಲದಿದ್ದರೆ ಮಾತ್ರ ಊರು ಬಿಡುವ ಮಾತು.

ಕಾಂಬಿನೇಷನ್ ಬಗ್ಗೆ ನನ್ನ ಸಲಹೆ ಚಿಕ್ಕದು: ಅದರಲ್ಲಿ ರಸಾಯನಶಾಸ್ತ್ರ ಅಥವಾ ಜೀವರಸಾಯನಶಾಸ್ತ್ರ ಇರಲೇಬೇಕು. ಕಿಣ್ವ, ಹಾರ್ಮೋನು, ಔಷಧ ಯಾವುದನ್ನು ಹಿಡಿದರೂ ಕೊನೆಗೆ ಅಣುವಿನ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ರಸಾಯನಶಾಸ್ತ್ರಕ್ಕೆ ಹೆದರಿ ಜೀವಶಾಸ್ತ್ರಕ್ಕೆ ಬಂದವರಿಗೆ ಅಲ್ಲಿ ಮತ್ತೆ ಅದೇ ಎದುರಾಗುತ್ತದೆ.

ಮೂರನೇ ಹಂತ: ಕಾಗದ ಪತ್ರ ಮತ್ತು ಹಣ

ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಜಾಲತಾಣದ ಮೂಲಕ ನಡೆಯುತ್ತವೆ. ಅಲ್ಲಿ ಕೊಡುವ ಮೊಬೈಲ್ ಸಂಖ್ಯೆ ಸೈಬರ್ ಕೆಫೆಯವರದ್ದಾಗಿರಬಾರದು. ಮೂರು ವರ್ಷವೂ ಒಟಿಪಿ ಬರುವುದು ಅದಕ್ಕೇ. ಹೆಸರಿನ ಅಕ್ಷರಗಳು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ರೀತಿ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ವಿದ್ಯಾರ್ಥಿವೇತನ ನಿಲ್ಲುತ್ತದೆ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ, ವಸತಿಗೆ ವಿದ್ಯಾಸಿರಿ ಯೋಜನೆಯಿದೆ. ರೈತರ ಮಕ್ಕಳಿಗೆ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಇದೆ. ಹೊಳಲ್ಕೆರೆ, ಜಗಳೂರು, ಚಳ್ಳಕೆರೆ ಕಡೆಯಿಂದ ಬರುವವರಿಗೆ ಇವು ನಿಜಕ್ಕೂ ಆಸರೆಯಾಗುವ ಮೊತ್ತಗಳು.

ಪಿಯುಸಿಯಲ್ಲಿ ಬಹಳ ಒಳ್ಳೆಯ ಅಂಕ ಬಂದವರು ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನವನ್ನು ಮರೆಯಬಾರದು. ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿಯವರೆಗೆ ಸಿಗುವ ಯೋಜನೆ ಇದು. ಅದರ ವಿಷಯಪಟ್ಟಿಯಲ್ಲಿ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಇವೆ. ಜೈವಿಕ ತಂತ್ರಜ್ಞಾನ, ಎಂಎಲ್‌ಟಿಯಂತಹ ಅನ್ವಯಿಕ ವಿಷಯಗಳು ಅದರಲ್ಲಿ ಬರುವುದಿಲ್ಲ. ಕಾಂಬಿನೇಷನ್ ಪಕ್ಕಾ ಮಾಡುವ ಮೊದಲು ಆ ಪಟ್ಟಿಯನ್ನು ತೆರೆದು ನೋಡಿದರೆ ಮೂರು ವರ್ಷದ ಖರ್ಚೇ ಉಳಿಯಬಹುದು.

ನಾಲ್ಕನೇ ಹಂತ: ಮೊದಲ ಸೆಮಿಸ್ಟರ್‌ನ ಭಾಷೆ ಮತ್ತು ಲೆಕ್ಕ

ಕನ್ನಡ ಮಾಧ್ಯಮದಿಂದ ಬಂದವರು ಪಿಯುಸಿಯಲ್ಲೇ ಇಂಗ್ಲಿಷ್ ಪಠ್ಯಕ್ಕೆ ಒಂದಿಷ್ಟು ಒಗ್ಗಿಕೊಂಡಿರುತ್ತಾರೆ. ಆದರೆ ನೀಟ್ ತಯಾರಿಯಲ್ಲಿ ಬಹು ಆಯ್ಕೆಯ ಉತ್ತರ ಗುರುತಿಸಿದರೆ ನಡೆಯುತ್ತಿತ್ತು, ಇಲ್ಲಿ ಎರಡು ಪುಟ ಬರೆಯಬೇಕು. ಉಪಾಯ ಸರಳ. ಪಾಠ ಕೇಳಿದ ದಿನವೇ ಅದರ ಪ್ರಕ್ರಿಯೆಯನ್ನು ಕನ್ನಡದಲ್ಲಿ ಐದಾರು ವಾಕ್ಯಗಳಲ್ಲಿ ಬರೆಯಿರಿ. ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಇರಲಿ. ವಾಕ್ಯ ಕೂಡಿ ಬರದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ, ಮತ್ತೆ ಓದಿ. ಅರ್ಥವಾದ ಮೇಲೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ. ನೋಟ್ಸ್ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ, ಯಾರದೋ ಕೈಬರಹದ ಹಳೆಯ ಪ್ರತಿಯನ್ನು ಉರು ಹೊಡೆಯುವುದು ಇಂಟರ್ನಲ್ ಪರೀಕ್ಷೆಯವರೆಗೆ ಸಾಕಾಗುತ್ತದೆ, ವೈವಾದಲ್ಲಿ ಕೈ ಕೊಡುತ್ತದೆ.

ಭಾಷೆಗಿಂತ ಹೆಚ್ಚು ಜನ ಎಡವುವುದು ಲೆಕ್ಕದಲ್ಲಿ. ಕಠಿಣ ಗಣಿತವೇನೂ ಬೇಕಾಗಿಲ್ಲ. ಗ್ರಾಂ, ಮೋಲ್, ಮಿಲಿಲೀಟರ್, ಶೇಕಡಾ ಇವುಗಳ ನಡುವೆ ಓಡಾಡಲು ಬಂದರೆ ಸಾಕು. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ತೆಗೆದುಕೊಳ್ಳಿ. ಅದು ಶೇ. 0.9 ಉಪ್ಪಿನ ದ್ರಾವಣ, ಅಂದರೆ ಒಂದು ಲೀಟರ್‌ನಲ್ಲಿ 9 ಗ್ರಾಂ. ಸೋಡಿಯಂ ಕ್ಲೋರೈಡ್‌ನ ಅಣುತೂಕ 58.44. ಭಾಗಿಸಿದರೆ 0.154 ಮೋಲ್, ಅಂದರೆ 154 ಮಿಲಿಮೋಲ್. ಈ ಲೆಕ್ಕವನ್ನು ಕಾಗದ ನೋಡದೆ ಮಾಡಲು ಬಂದವರು ಪ್ರಯೋಗಾಲಯದಲ್ಲಿ ದ್ರಾವಣ ಕೆಡಿಸುವುದಿಲ್ಲ.

ಸೂಕ್ಷ್ಮಜೀವಿ ಎಣಿಕೆಯ ಲೆಕ್ಕವೂ ಹಾಗೆಯೇ. ಒಂದು ಮಿಲಿಲೀಟರ್ ಮಾದರಿಯನ್ನು 9 ಮಿಲಿಲೀಟರ್ ನೀರಿಗೆ ಸೇರಿಸಿದರೆ ಹತ್ತು ಪಟ್ಟು ತೆಳುವಾಯಿತು. ಹೀಗೆ ನಾಲ್ಕು ಸಲ ಮಾಡಿದರೆ ಹತ್ತು ಸಾವಿರ ಪಟ್ಟು. ಅದರಿಂದ 0.1 ಮಿಲಿಲೀಟರ್ ತಟ್ಟೆಗೆ ಹಚ್ಚಿ, ಮರುದಿನ ಬ್ಯಾಕ್ಟೀರಿಯಾ ಬೆಳೆದ 84 ಗುಂಪುಗಳು (ಕಾಲೊನಿ) ಕಂಡವೆನ್ನಿ. 84 ಗುಣಿಸು 10,000 ಗುಣಿಸು 10, ಅಂದರೆ ಮೂಲ ಮಾದರಿಯ ಪ್ರತಿ ಮಿಲಿಲೀಟರ್‌ನಲ್ಲಿ 84 ಲಕ್ಷ. ಕೊನೆಯ ಹತ್ತನ್ನು ಮರೆತು 8.4 ಲಕ್ಷ ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ತಟ್ಟೆಯಲ್ಲಿ 30ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ಗುಂಪುಗಳಿದ್ದರೆ ಆ ಎಣಿಕೆ ನಂಬಲರ್ಹವಲ್ಲ ಎಂಬುದನ್ನೂ ನೆನಪಿಡಿ.

ಐದನೇ ಹಂತ: ಕೈ ಪಳಗಿಸಿ

ಪ್ರಾಕ್ಟಿಕಲ್ ಎಂದರೆ ರೆಕಾರ್ಡ್ ಬರೆಯುವುದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಬಣ್ಣದ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿದ ಸುಂದರ ರೆಕಾರ್ಡ್ ಕೆಲಸದ ಸಂದರ್ಶನದಲ್ಲಿ ಯಾರೂ ನೋಡುವುದಿಲ್ಲ. ಅವರು ಅತಿ ಸಣ್ಣ ಪ್ರಮಾಣದ ದ್ರವ ಅಳೆಯುವ ಮೈಕ್ರೋಪಿಪೆಟ್ ಒಂದನ್ನು ಕೈಗೆ ಕೊಟ್ಟು ನೋಡುತ್ತಾರೆ. ಅದರ ಗುಂಡಿಗೆ ಎರಡು ತಡೆಗಳಿರುತ್ತವೆ. ಮೊದಲ ತಡೆಯವರೆಗೆ ಒತ್ತಿ ದ್ರವ ಎಳೆಯಬೇಕು, ಬಿಡುವಾಗ ಎರಡನೆಯದರವರೆಗೆ ಒತ್ತಬೇಕು. ಎಳೆಯುವಾಗಲೇ ಎರಡನೇ ತಡೆಗೆ ಹೋದರೆ ಹೆಚ್ಚು ದ್ರವ ಬರುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪು. ಕಾಲೇಜಿನಲ್ಲಿ ತೂಕದ ಯಂತ್ರ ಇದ್ದರೆ ಶುದ್ಧ ನೀರನ್ನು ಪಿಪೆಟ್‌ನಲ್ಲಿ ಎಳೆದು ತೂಗಿ ನೋಡಿ. 1 ಮಿಲಿಲೀಟರ್ ನೀರು ಹತ್ತಿರ ಹತ್ತಿರ 1 ಗ್ರಾಂ ತೂಗಬೇಕು. ನಿಮ್ಮ ಕೈ ಎಷ್ಟು ಸ್ಥಿರವಾಗಿದೆ ಎಂದು ಹೇಳಲು ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೊಂದಿಲ್ಲ.

ಬ್ಯಾಕ್ಟೀರಿಯಾಗಳನ್ನು ಬಣ್ಣದಿಂದ ಎರಡು ಬಗೆಯಾಗಿ ಗುರುತಿಸುವ ಗ್ರಾಂ ಬಣ್ಣಹಾಕುವಿಕೆಯನ್ನು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಪ್ರತಿ ಆಸ್ಪತ್ರೆಯಲ್ಲೂ ನಡೆಯುತ್ತದೆ. ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹಚ್ಚಿ, ಬೆಂಕಿಗೆ ಲಘುವಾಗಿ ತೋರಿಸಿ, ಕ್ರಿಸ್ಟಲ್ ವಯಲೆಟ್, ಅಯೋಡಿನ್, ಆಲ್ಕೋಹಾಲ್, ಸಫ್ರಾನಿನ್. ಗುಟ್ಟು ಇರುವುದು ಮೂರನೆಯದರಲ್ಲಿ. ಆಲ್ಕೋಹಾಲ್ ಕೆಲವೇ ಕ್ಷಣ ಹೆಚ್ಚಾದರೆ ನೇರಳೆಯಾಗಿ ಉಳಿಯಬೇಕಾದವು ಗುಲಾಬಿಯಾಗುತ್ತವೆ, ಕಡಿಮೆಯಾದರೆ ಗುಲಾಬಿಯಾಗಬೇಕಾದವು ನೇರಳೆಯಾಗಿಯೇ ಉಳಿಯುತ್ತವೆ. ವೈದ್ಯರು ಕೊಡುವ ಆ್ಯಂಟಿಬಯೋಟಿಕ್ ಈ ಬಣ್ಣವನ್ನು ಅವಲಂಬಿಸಿರಬಹುದು. ಅಭ್ಯಾಸಕ್ಕೆ ಹಾಸ್ಟೆಲ್ಲಿನ ಮೊಸರೇ ಸಾಕು. ಅದರ ಲ್ಯಾಕ್ಟೋಬ್ಯಾಸಿಲಸ್ ಕಡ್ಡಿಗಳು ನೇರಳೆಯಾಗಿ ಕಾಣಬೇಕು. ಕಾಣದಿದ್ದರೆ ದೋಷ ಮೊಸರಿನದ್ದಲ್ಲ.

ಪ್ರತಿ ಹೆಜ್ಜೆಗೂ "ಏಕೆ" ಎಂದು ಕೇಳುವ ಅಭ್ಯಾಸ ಬೇಕು. ರಕ್ತ ಸಂಗ್ರಹಿಸುವ ಕೊಳವೆಗಳ ಮುಚ್ಚಳದ ಬಣ್ಣವನ್ನೇ ನೋಡಿ. ರಕ್ತಕಣ ಎಣಿಕೆಗೆ ತಿಳಿ ನೇರಳೆ, ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ನೀಲಿ, ಸಕ್ಕರೆಗೆ ಬೂದು. ಬೂದು ಮುಚ್ಚಳದ ಕೊಳವೆಯಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಕಾರಣ, ರಕ್ತ ದೇಹದಿಂದ ಹೊರಬಂದ ಮೇಲೂ ಕೆಂಪು ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಹೀಗೆ ಕರಗುತ್ತದೆ. ಜೀವಕೋಶ ಸಕ್ಕರೆಯನ್ನು ಒಡೆಯುವ ಈ ಹಾದಿಗೆ ಗ್ಲೈಕಾಲಿಸಿಸ್ ಎಂದು ಹೆಸರು; ಅದರ ಒಂಬತ್ತನೇ ಹೆಜ್ಜೆಯ ಇನೋಲೇಸ್ ಎಂಬ ಕಿಣ್ವವನ್ನು ಫ್ಲೋರೈಡ್ ತಡೆಯುತ್ತದೆ. ಜೀವರಸಾಯನಶಾಸ್ತ್ರದ ತರಗತಿಯಲ್ಲಿ ಗ್ಲೈಕಾಲಿಸಿಸ್‌ನ ಹತ್ತು ಹೆಜ್ಜೆಗಳನ್ನು ಬಾಯಿಪಾಠ ಮಾಡಿದವರು ಎಷ್ಟೋ ಜನ. ಒಂಬತ್ತನೇ ಹೆಜ್ಜೆ ಸ್ಯಾಂಪಲ್ ಕೊಳವೆಯೊಳಗೆ ಕುಳಿತಿದೆ ಎಂದು ಹೇಳಬಲ್ಲವರು ಕಡಿಮೆ, ಮತ್ತು ಸಂದರ್ಶನದಲ್ಲಿ ಆಯ್ಕೆಯಾಗುವವರು ಅವರೇ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ಎಂಎಲ್‌ಟಿ ಸೇರುವವರು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಹಾಕಿಸಿಕೊಳ್ಳಬೇಕು. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂಬುದರಿಂದ ಪ್ರವೇಶ ಸಿಕ್ಕ ಕೂಡಲೇ ಆರಂಭಿಸಿ. ಬಳಸಿದ ಸೂಜಿ ಚುಚ್ಚಿದರೆ ಹಿಂಡಬೇಡಿ. ಸಾಬೂನು ನೀರಿನಲ್ಲಿ ತೊಳೆದು ಆ ಕ್ಷಣವೇ ಮೇಲಿನವರಿಗೆ ತಿಳಿಸಿ. ಎಚ್‌ಐವಿ ತಡೆಯ ಔಷಧ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಡುವ ವಿಷಯ ಇದಲ್ಲ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳಿಗೆ ಯಾವ ಯಾವ ಕಸ ಎಂಬುದನ್ನೂ ಮೊದಲ ವಾರವೇ ಕಲಿಯಿರಿ. ಸೂಜಿಗೆ ಬಿಳಿ.

ಆರನೇ ಹಂತ: ಪ್ರಾಜೆಕ್ಟ್ ಊರಿನ ನೀರಿನಲ್ಲೇ ಇದೆ

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಹಣ ಕಟ್ಟಿ, ಎರಡು ವಾರ ಯಾರೋ ಮಾಡಿದ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪ್ರಯೋಗ) ನೋಡಿ, ಪ್ರಮಾಣಪತ್ರ ತರುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸದು. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಒಣ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದಂತೆ ಬೆನ್ನು ಮೊಣಕಾಲು ಬಿಗಿಯುವುದು ಈ ಭಾಗದಲ್ಲಿ ಹೊಸ ಕಥೆಯಲ್ಲ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಗಟ್ಟಿ ಶಿಲೆಯಲ್ಲಿ ನೀರು ಬಹುಕಾಲ ನಿಂತಷ್ಟೂ, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಬಿಡುಗಡೆಯಾಗುತ್ತದೆ. ನೀರು ಕುದಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. ಊರಿನಲ್ಲಿ ಇದನ್ನು ತಿಳಿಸಿ ಹೇಳುವುದೂ ನಿಮ್ಮ ಕೆಲಸವೇ.

ಮಾಡುವ ಬಗೆ ಹೀಗೆ. ನಿಮ್ಮ ಊರಿನ ಸುತ್ತಲಿನ ಹತ್ತಿಪ್ಪತ್ತು ಕೊಳವೆಬಾವಿಗಳ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಗಾಜು ಬೇಡ. ಬಾವಿಯ ಆಳ, ತಾರೀಖು, ಎಷ್ಟು ಮನೆಗಳು ಬಳಸುತ್ತವೆ ಎಂಬುದನ್ನು ಸ್ಥಳದಲ್ಲೇ ಬರೆದುಕೊಳ್ಳಿ. ಕಾಲೇಜಿನಲ್ಲಿ ಫ್ಲೋರೈಡ್ ಅನ್ನು ನೇರವಾಗಿ ಅಳೆಯುವ ಅಯಾನ್ ಎಲೆಕ್ಟ್ರೋಡ್ ಇಲ್ಲದಿದ್ದರೆ ಸ್ಪ್ಯಾಂಡ್ಸ್ ಎಂಬ ಕೆಂಪು ಕಾರಕ ಮತ್ತು ಬಣ್ಣದ ಗಾಢತೆ ಅಳೆಯುವ ಕಲರಿಮೀಟರ್ ಸಾಕು. ಜಿರ್ಕೋನಿಯಂ ಜೊತೆ ಸೇರಿದ ಈ ಬಣ್ಣ ಫ್ಲೋರೈಡ್ ಹೆಚ್ಚಾದಂತೆ ಮಾಸುತ್ತದೆ. 570 ನ್ಯಾನೋಮೀಟರ್‌ನಲ್ಲಿ ಓದಬೇಕು. ಗೊತ್ತಿರುವ ಸಾಂದ್ರತೆಯ ದ್ರಾವಣಗಳಿಂದ ಮೊದಲು ನಕ್ಷೆಯಲ್ಲಿ ಹೋಲಿಕೆಯ ಗೆರೆ ಎಳೆದು, ಆಮೇಲೆ ಮಾದರಿ. ಗೆರೆಯ ಆಚೆಗೆ ಹೋದ ಮಾದರಿಯನ್ನು ತೆಳುಗೊಳಿಸಿ ಮತ್ತೆ ಓದಿ. ನಾಲ್ಕನೇ ಹಂತದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಹೋಲಿಕೆಗೂ ಸಿಕ್ಕಿತು.

ಜನರನ್ನೇ ಪರೀಕ್ಷಿಸಬೇಕು ಅನ್ನಿಸಿದರೆ, ಉದಾಹರಣೆಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವವರ ಉಸಿರಾಟದ ಸಾಮರ್ಥ್ಯ ಅಳೆಯುವುದಾದರೆ, ಮೊದಲು ನೈತಿಕ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಭಾಗವಹಿಸುವವರಿಗೆ ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ವೈದ್ಯಕೀಯ ಕಾಲೇಜಿನ ಅಧ್ಯಾಪಕರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳದೆ ಇದಕ್ಕೆ ಕೈ ಹಾಕಬೇಡಿ.

ಏಳನೇ ಹಂತ: ರಜೆಯನ್ನು ಮಾರಿಕೊಳ್ಳಬೇಡಿ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್‌ಗೆ ಬಿ.ಎಸ್ಸಿ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಸುಮಾರು ಎರಡು ತಿಂಗಳು ದೇಶದ ಯಾವುದಾದರೂ ಒಳ್ಳೆಯ ಪ್ರಯೋಗಾಲಯದಲ್ಲಿ ಕೆಲಸ, ಜೊತೆಗೆ ಮಾಸಿಕ ಭತ್ಯೆ. ಅರ್ಜಿ ಕರೆಯುವುದು ಬೇಸಿಗೆಯಲ್ಲಲ್ಲ, ಹಿಂದಿನ ವರ್ಷದ ಚಳಿಗಾಲದ ಹೊತ್ತಿಗೆ. ನಮ್ಮ ಕಾಲೇಜುಗಳಲ್ಲಿ ಈ ಸುದ್ದಿ ನೋಟಿಸ್ ಬೋರ್ಡಿಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ, ಆದ್ದರಿಂದ ದಸರಾ ಮುಗಿದ ಮೇಲೆ ನೀವೇ ಜಾಲತಾಣ ನೋಡುತ್ತಿರಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಇಂಥದೇ ಕಾರ್ಯಕ್ರಮವಿದೆ. ಅರ್ಜಿಯಲ್ಲಿ "ನನಗೆ ವಿಜ್ಞಾನದಲ್ಲಿ ಬಹಳ ಆಸಕ್ತಿ" ಎಂದು ಬರೆಯುವ ಬದಲು, ನಿಮ್ಮ ಊರಿನ ಬಾವಿಯಲ್ಲಿ ಏನು ಅಳೆದಿರಿ, ಯಾವ ಅಡ್ಡಿ ಬಂತು ಎಂದು ಬರೆಯಿರಿ.

ಚಳ್ಳಕೆರೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ಮುಖ್ಯವಾಗಿ ಶಿಕ್ಷಕರ ತರಬೇತಿಗೆ ಹೆಸರಾದದ್ದು. ನಿಮ್ಮ ಅಧ್ಯಾಪಕರು ಅಲ್ಲಿಗೆ ಹೋಗಿ ಬಂದಿದ್ದಾರೆಯೇ ಎಂದು ಕೇಳಿ, ಇಲ್ಲವಾದರೆ ವಿನಯದಿಂದಲೇ ಒತ್ತಾಯಿಸಿ.

ಎಂಟನೇ ಹಂತ: ಮುಂದಿನ ಪರೀಕ್ಷೆಗಳು

ಎಂ.ಎಸ್ಸಿ.ಗೆ ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ ವಿಭಾಗಗಳಿವೆ. ಹೊರಗೆ ಹೋಗಬೇಕೆಂದರೆ ಕೊನೆಯ ವರ್ಷದ ಫೆಬ್ರುವರಿಯಲ್ಲಿ ಬರುವ ಜಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆ ಬರೆಯಿರಿ. ಐಐಟಿಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೂ ಅದೇ ಬಾಗಿಲು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರವೂ ಅದರಲ್ಲಿ ಬರುತ್ತದೆ ಎಂಬುದು ಹಲವರಿಗೆ ಅರ್ಜಿ ಹಾಕಿದ ಮೇಲೆ ತಿಳಿಯುತ್ತದೆ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಎರಡನೇ ವರ್ಷದಿಂದಲೇ ಅದನ್ನು ಹಿಡಿಯಬೇಕು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಬೆಂಬಲವಿರುವ ಎಂ.ಎಸ್ಸಿ.ಗಳಿಗೆ ಗ್ಯಾಟ್-ಬಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಎಂ.ಎಸ್ಸಿ. ನಂತರ ಸಿಎಸ್ಐಆರ್ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಷಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಷಿಪ್ ಇದೆ. ಪಿಎಚ್.ಡಿ. ಎಂದರೆ ಮನೆಯಿಂದ ಹಣ ತರುವ ಓದು ಎಂದು ಭಯಪಡುವ ತಂದೆ ತಾಯಿಗೆ ಈ ಒಂದು ಅಂಕಿಯನ್ನು ತಿಳಿಸಿ.

ಬಿ.ಎಸ್ಸಿ. ಮುಗಿಸಿ ಕೆಲಸಕ್ಕೇ ಹೋಗುವವರಿಗೆ ಬೆಂಗಳೂರಿನ ಔಷಧ ಮತ್ತು ಜೈವಿಕ ಕಂಪನಿಗಳ ಗುಣಮಟ್ಟ ಪರೀಕ್ಷಾ ವಿಭಾಗಗಳು, ಆಹಾರ ಮತ್ತು ನೀರು ಪರೀಕ್ಷಾ ಪ್ರಯೋಗಾಲಯಗಳು ಇವೆ. ಆರಂಭದ ಸಂಬಳ ಕಡಿಮೆ, ಪಾಳಿ ಕೆಲಸ. ಎರಡು ವರ್ಷದ ಅನುಭವದ ಮೇಲೆ ಬೇರೆ ಕಡೆ ದಾಟುವುದು ರೂಢಿ. "ಕೆಲಸ ಖಾತ್ರಿ" ಎಂದು ಹಣ ಕೇಳುವ ಅಲ್ಪಾವಧಿ ಕೋರ್ಸ್‌ಗಳ ಜಾಹೀರಾತು ಮಾತ್ರ ಕೊನೆಯ ಸೆಮಿಸ್ಟರ್‌ನಲ್ಲಿ ಮೊಬೈಲಿಗೆ ತಪ್ಪದೆ ಬರುತ್ತದೆ. ಹಣ ಕಟ್ಟುವ ಮೊದಲು ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಇಬ್ಬರ ಜೊತೆ ನೇರವಾಗಿ ಮಾತನಾಡಿ.

ಕಾಲೇಜು ಬಿಡುವ ಮುನ್ನ ಮಾಡಬೇಕಾದ ಕೆಲವು ಕೆಲಸಗಳಿವೆ. ನಿಮ್ಮ ಕೈಕೆಲಸ ನೋಡಿದ ಇಬ್ಬರು ಅಧ್ಯಾಪಕರಿಗೆ ಮೊದಲೇ ತಿಳಿಸಿ, ಶಿಫಾರಸು ಪತ್ರಕ್ಕಾಗಿ ಅವರ ಇಮೇಲ್ ವಿಳಾಸ ಪಡೆದುಕೊಳ್ಳಿ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಯಲ್ಲಿ ಹೆಸರು ಸರಿಯಿದೆಯೇ ನೋಡಿ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ವಲಸೆ ಪ್ರಮಾಣಪತ್ರಕ್ಕೂ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೂ ಒಟ್ಟಿಗೇ ಅರ್ಜಿ ಹಾಕಿ. ಒಂದೊಂದಕ್ಕೂ ಬೇರೆ ಬೇರೆ ದಿನ ತೋಳಹುಣಸೆಗೆ ಹೋಗುವ ತಾಪತ್ರಯ ತಪ್ಪುತ್ತದೆ. ಪ್ರಾಜೆಕ್ಟ್‌ನ ಮೂಲ ದತ್ತಾಂಶದ ಪುಸ್ತಕವನ್ನು ವಿಭಾಗಕ್ಕೆ ಒಪ್ಪಿಸುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಎಂ.ಎಸ್ಸಿ. ಸಂದರ್ಶನಕ್ಕೆ ಹೊರಡುವ ಹಿಂದಿನ ರಾತ್ರಿ ಓದಬೇಕಾಗುವುದು ಅದನ್ನೇ.